ಮುರಿಯುವ ವಾರ

ಫೆರೆಟ್ ಎಂಬ ಪ್ರಾಣಿಯನ್ನು ನಾನು ಮೊದಲು ನೋಡಿದ್ದು ಕೆ.ಆರ್. ಪುರದಾಚೆಯ ಒಂದು ಶೆಡ್ಡಿನೊಳಗೆ, ನಲವತ್ತು ದಾಟಿದ ಮೇಲೆ. ಮುಂಗುಸಿಯ ದೂರದ ನೆಂಟನಂತೆ ಉದ್ದಕ್ಕಿರುತ್ತದೆ, ಮುಖ ಮಾತ್ರ ಬಲು ಮುಗ್ಧ. ಅದಕ್ಕೊಂದು ವಿಶೇಷವಿದೆ: ಮನುಷ್ಯರ ಫ್ಲೂ ಅದಕ್ಕೂ ಅಂಟುತ್ತದೆ. ಜ್ವರ ಬಂದರೆ ನಮ್ಮ ಹಾಗೆಯೇ ಸೀನುತ್ತದೆ, ಮೂಗು ಸೋರಿಸಿಕೊಂಡು ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ. ಇಲಿಗೆ ಈ ಯೋಗ್ಯತೆ ಇಲ್ಲ. ಹಾಗಾಗಿ ಫ್ಲೂ ಲಸಿಕೆ ಮಾಡುವವರಿಗೆ ಫೆರೆಟ್ ಬೇಕೇ ಬೇಕು. ಫೆರೆಟ್ ಇದ್ದ ಮೇಲೆ ನೋಡಿಕೊಳ್ಳಲು ಒಬ್ಬ ಪಶುವೈದ್ಯರು ಬೇಕು. ಹಾಗೆ ನಾನು ಅಲ್ಲಿಗೆ ಸೇರಿದೆ.

ನಾನು ದಾವಣಗೆರೆ ಕಡೆಯವಳು. ಓದಿದ್ದು ಎಮ್ಮೆ, ದನ, ಕುರಿಗಳ ಸಲುವಾಗಿ. ಮದುವೆಯಾಗಿ ಬೆಂಗಳೂರಿಗೆ ಬಂದೆ. ಮನೆ ಮಾಡಿದ್ದು ಬೋರ್ಡಿನ ಮೇಲೆ ಸರ್ವಜ್ಞನಗರ, ಜನರ ಬಾಯಲ್ಲಿ ಕಾಕ್ಸ್ ಟೌನ್ ಆಗಿರುವ ಕಡೆ. ಅಲ್ಲಿ ಎಮ್ಮೆ ಎಲ್ಲಿಂದ ಬರಬೇಕು? ಹಲವು ವರ್ಷ ಸಾಕುನಾಯಿಗಳ ಕಿವಿ ತೊಳೆದೆ, ಉಗುರು ಕತ್ತರಿಸಿದೆ. ನಾಯಿಯ ಯಜಮಾನಿಯರು ನಾಯಿಯ ಜೊತೆ ಇಂಗ್ಲಿಷ್, ನನ್ನ ಜೊತೆ ತಮಿಳು ಮಾತಾಡುತ್ತಿದ್ದರು. ಬೇಸರ ಬಂದು ಬೇರೆ ಕೆಲಸ ಹುಡುಕುತ್ತಿದ್ದಾಗ ಈ ಲ್ಯಾಬಿನಿಂದ ಕರೆ ಬಂತು.

ಸಂದರ್ಶನ ಮಾಡಿದವರು ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎಂದೇ ಕರೆಯುವವರು. ಅರವತ್ತರ ಹತ್ತಿರದ ಹೆಂಗಸು, ಶಿವಾಜಿನಗರದ ಬಟ್ಟೆ ವ್ಯಾಪಾರಿಗಳ ಮನೆಯವರು. ತಲೆಯ ಮೇಲೆ ದುಪಟ್ಟಾ, ಕಾಲಲ್ಲಿ ಕ್ಯಾನ್ವಾಸ್ ಶೂ. ನಾನು ಜೋಪಾನವಾಗಿ ತಂದಿದ್ದ ಸರ್ಟಿಫಿಕೇಟುಗಳನ್ನು ಅವರು ತೆರೆದೂ ನೋಡಲಿಲ್ಲ.

“ನಿಮ್ಗೆ ಅನುಮಾನ ಜಾಸ್ತಿನಾ, ಕಮ್ಮಿನಾ?” ಎಂದು ಕೇಳಿದರು.

“ಅದನ್ನ ನಮ್ಮನೆಯವ್ರನ್ನ ಕೇಳ್ಬೇಕು ಮೇಡಂ,” ಎಂದೆ.

ಅವರು ಟೇಬಲ್ ಬಡಿದು ನಕ್ಕರು. ಮುಂದಿನ ಸೋಮವಾರದಿಂದಲೇ ಬರಲು ಹೇಳಿದರು.

ಅಲ್ಲಿ ನಡೆಯುತ್ತಿದ್ದ ಕೆಲಸ ಏನೆಂದು ತಿಳಿದಾಗ ನನಗೆ ನಿಜವಾಗಿಯೂ ನಗು ಬಂತು. ಎಲ್ಲ ಬಗೆಯ ಫ್ಲೂಗೂ ಸಾಕಾಗುವ ಒಂದೇ ಲಸಿಕೆ. ಪ್ರಪಂಚದ ದೊಡ್ಡ ದೊಡ್ಡ ಲ್ಯಾಬುಗಳು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ವಿಷಯ. ಇಲ್ಲಿ ನೋಡಿದರೆ ಬೆಳಗಿನಿಂದ ಸಂಜೆಯೊಳಗೆ ಹಲವು ಸಲ ಕರೆಂಟ್ ಹೋಗುವ ಶೆಡ್ಡು, ಪಕ್ಕದಲ್ಲಿ ಕಬ್ಬಿಣದ ಗೇಟು ಬೆಸೆಯುವವರ ಸದ್ದು. ಈ ಹೆಂಗಸಿಗೆ ಹುಚ್ಚು ಎಂದು ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ಹಾಗಿದ್ದರೆ ನಿನಗೆ ಸರಿಯಾದ ಜಾಗ ಎಂದರು.

ದಿನಾ ನಾನು ಈಸ್ಟ್ ಸ್ಟೇಷನ್ನಿನಿಂದ ರೈಲು ಹಿಡಿದು ಕೆ.ಆರ್. ಪುರಕ್ಕೆ ಹೋಗುತ್ತಿದ್ದೆ. ರೈಲು ತಪ್ಪಿದ ದಿನ ಮೇಡಂ ತಮ್ಮ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅವರ ಲಸಿಕೆಯನ್ನು ನಾನು ಅರ್ಥ ಮಾಡಿಕೊಂಡದ್ದು ಆ ಕಾರಿನಲ್ಲಿ, ಜೀವ ಕೈಯಲ್ಲಿ ಹಿಡಿದುಕೊಂಡು. ವಿವರಿಸುವಾಗ ಅವರಿಗೆ ಎರಡೂ ಕೈ ಬೇಕು. ಹಲಸೂರು ದಾಟುವಾಗ ಶುರು ಮಾಡಿದರೆ ಇಂದಿರಾನಗರದ ತಿರುವು ಬರುವ ಹೊತ್ತಿಗೆ ಸ್ಟೀರಿಂಗ್ ತನ್ನ ಪಾಡಿಗೆ ತಾನಿರುತ್ತಿತ್ತು.

“ನಮ್ ಅಂಗಡಿ ಮುಂದೆ ಬೊಂಬೆ ನಿಲ್ಸಿರ್ತೀವಲ್ಲ ಡಾಕ್ಟ್ರೇ, ಬಟ್ಟೆ ಹಾಕಿ? ರಮ್ಜಾನ್‌ಗೆ ಒಂದು ಬಟ್ಟೆ, ದೀಪಾವಳಿಗೆ ಇನ್ನೊಂದು, ಕ್ರಿಸ್‌ಮಸ್‌ಗೆ ಮತ್ತೊಂದು. ಬೊಂಬೆ ನಿಂತಿರೋದು ಮಾತ್ರ ಅದೇ ಕಬ್ಬಿಣದ ಕೋಲಿನ ಮೇಲೆ. ಈ ಫ್ಲೂ ವೈರಸ್ಸೂ ಹಂಗೇ. ಮೇಲಿನ್ ತಲೆ ಭಾಗ ವರ್ಷಾ ವರ್ಷಾ ಬದ್ಲಾಯಿಸುತ್ತೆ. ನಮ್ ಮೈ ಪೆದ್ದು, ಬರೀ ಬಟ್ಟೆ ನೋಡಿ ಗುರ್ತಿಟ್ಕೊಳ್ಳುತ್ತೆ. ಅದಕ್ಕೇ ಪ್ರತಿ ವರ್ಷ ಹೊಸ ಸೂಜಿ.”

“ರೋಡ್ ನೋಡಿ ಮೇಡಂ.”

“ನೋಡ್ತಿದೀನಿ. ನಾವೇನ್ ಮಾಡ್ತೀವಿ? ಬಟ್ಟೆ ತೆಗ್ದು ಬಿಸಾಕಿ, ಬರೀ ಕೋಲ್ನ ತೋರಿಸ್ತೀವಿ. ಇದ್ನ ಜ್ಞಾಪಕ ಇಟ್ಕೋ ಅಂತ. ಆಗ ಯಾವ್ ಬಟ್ಟೆ ಹಾಕ್ಕೊಂಡ್ ಬಂದ್ರೂ ಸಿಕ್ಕಿ ಬೀಳುತ್ತೆ.”

ಅಂದರೆ ಅವರ ಲಸಿಕೆಯಲ್ಲಿ ವೈರಸ್ಸಿನ ತಲೆ ಭಾಗವೇ ಇರಲಿಲ್ಲ. ಕೆಳಗಿನ, ಬದಲಾಗದ ಕಾಂಡ ಮಾತ್ರ. ಈ ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಅವರ ತಾಯಿಗೆ ಎದೆಯ ತೊಂದರೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಗಳು ಫ್ಲೂ ಲಸಿಕೆ ಹಾಕಿಸುತ್ತಿದ್ದರು, ಪ್ರತಿ ವರ್ಷ ಆ ಅಜ್ಜಿ ಜಗಳ ತೆಗೆಯುತ್ತಿದ್ದರು. ಒಂದು ಸಲ ನಾನು ಅವರ ಮನೆಯಲ್ಲಿದ್ದಾಗಲೇ ಇದು ನಡೆಯಿತು. “ಪಿಛ್ಲೇ ಸಾಲ್ ಲೀ ನಾ, ಫಿರ್ ಕೈಕು?” ಎಂದು ಅಜ್ಜಿ ತೋಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಹೋದ ವರ್ಷ ಹಾಕಿಸಿಕೊಂಡೆನಲ್ಲ, ಮತ್ತೆ ಯಾಕೆ? ಮೇಡಂ ನನ್ನ ಕಡೆ ತಿರುಗಿ, “ಕೇಳಿದ್ರಾ? ನಾನು ಈ ಕೆಲ್ಸಕ್ಕೆ ಬಿದ್ದಿದ್ದು ಈ ಬೈಗುಳಕ್ಕೆ,” ಎಂದರು. ತಮಾಷೆಗೆ ಅಂದದ್ದಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಆ ಲ್ಯಾಬಿನಲ್ಲಿ ನಾನು ಬೇರೆಲ್ಲೂ ಕಾಣದ ಒಂದು ಪದ್ಧತಿ ಇತ್ತು. ಯಾವುದಾದರೂ ಪ್ರಯೋಗ ಚೆನ್ನಾಗಿ ಬಂದರೆ ಅಂದು ಯಾರೂ ಸಂಭ್ರಮಿಸುವಂತಿಲ್ಲ. ಆ ದಿನದಿಂದ ಒಂದು ವಾರ ‘ಮುರಿಯುವ ವಾರ’. ಗುಡಿಸುವವರಿಂದ ಹಿಡಿದು ಮೇಡಂವರೆಗೆ ಪ್ರತಿಯೊಬ್ಬರೂ ಆ ಒಳ್ಳೆಯ ಫಲಿತಾಂಶ ಯಾವ ರೀತಿಯಲ್ಲಿ ಸುಳ್ಳಾಗಿರಬಹುದು ಎಂದು ಒಂದು ದಾರಿ ಹೇಳಬೇಕು. ಹೇಳಿದ ಪ್ರತಿಯೊಂದನ್ನೂ ಪರೀಕ್ಷೆ ಮಾಡಿ ನೋಡುತ್ತಿದ್ದರು. ಫ್ರಿಜ್ ಕೆಟ್ಟಿತ್ತಾ? ಬಾಟಲಿ ಅದಲುಬದಲಾಯಿತಾ? ವಾರ ಮುಗಿದರೂ ಅದು ಮುರಿಯದೆ ನಿಂತಿದ್ದರೆ ಆಮೇಲೆ ಮಾತ್ರ ಮೈಸೂರ್ ಪಾಕು. ನನಗೆ ಮೊದಮೊದಲು ಇದು ವಿಪರೀತ ಅನಿಸುತ್ತಿತ್ತು. ನಮ್ಮೂರಲ್ಲಿ ಎಮ್ಮೆ ಹೆಚ್ಚು ಹಾಲು ಕೊಟ್ಟರೆ ದೃಷ್ಟಿ ತೆಗೆಯುತ್ತಾರೆ, ತಪಾಸಣೆ ಮಾಡುವುದಿಲ್ಲ.

ಇನ್ನೊಂದು ಪದ್ಧತಿ ಹಬ್ಬಗಳದು. ಪ್ರಾಣಿಗಳಿಗೆ ಹಬ್ಬವಿಲ್ಲ, ದಿನಾ ಊಟ ಹಾಕಬೇಕು, ತೂಕ ನೋಡಬೇಕು. ರಮ್ಜಾನಿಗೆ ನಾವು ಆ ಕೆಲಸ ಮಾಡುತ್ತಿದ್ದೆವು. ಯುಗಾದಿ, ದೀಪಾವಳಿಗೆ ಮೇಡಂ ಬಂದು ಮಾಡುತ್ತಿದ್ದರು. ಇಂಥ ದೊಡ್ಡ ವಿಜ್ಞಾನಿ ತೋಳು ಮಡಚಿಕೊಂಡು ಫೆರೆಟ್‌ನ ಪಾಯಿಖಾನೆ ಬಳಿಯುತ್ತಾರೆ ಎಂದು ನಾನು ಊರಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನಾನು ಮಾತ್ರ ನಿಶ್ಚಿಂತೆಯಿಂದ ದಾವಣಗೆರೆಗೆ ಹೋಗಿ ಹೋಳಿಗೆ ತಿಂದು ಬರುತ್ತಿದ್ದೆ.

ಆ ವರ್ಷದ ಪ್ರಯೋಗ ಎಲ್ಲಕ್ಕಿಂತ ದೊಡ್ಡದು. ಲಸಿಕೆ ಹಾಕಿದ ಫೆರೆಟ್‌ಗಳು ಒಂದು ಕೋಣೆಯಲ್ಲಿ, ಹಾಕದವು ಇನ್ನೊಂದರಲ್ಲಿ. ಯಾವುದು ಯಾವುದೆಂದು ಗೊಂದಲ ಆಗದಿರಲಿ ಎಂಬ ಲೆಕ್ಕ. ಒಂದು ಕೋಣೆಗೆ ಹೋದವರು ಆ ದಿನ ಇನ್ನೊಂದಕ್ಕೆ ಕಾಲಿಡುವಂತಿಲ್ಲ. ದಸರೆಯ ಹೊತ್ತಿಗೆ ಲಸಿಕೆ ಕೊಟ್ಟು, ಸಂಕ್ರಾಂತಿಯ ನಂತರ ಎರಡೂ ಕೋಣೆಯ ಪ್ರಾಣಿಗಳ ಮೂಗಿಗೆ, ಲಸಿಕೆ ಮಾಡಲು ಬಳಸಿದ್ದಕ್ಕಿಂತ ಬೇರೆಯದೇ ಬಗೆಯ ಫ್ಲೂ ವೈರಸ್ ಬಿಟ್ಟೆವು.

ಲಸಿಕೆ ಹಾಕದವು ಮೂಲೆ ಹಿಡಿದು ಮಲಗಿದವು. ಲಸಿಕೆ ಹಾಕಿದವು ಒಂದೂ ಸೀನಲಿಲ್ಲ. ನಾನು ಒಳಗೆ ಹೋದರೆ ಮಾಸ್ಕಿನ ದಾರ ಎಳೆದು ಆಡುತ್ತಿದ್ದವು. ನಾನು ಎಷ್ಟೋ ಪ್ರಾಣಿಗಳ ಆರೋಗ್ಯ ನೋಡಿದವಳು, ಇಂಥದ್ದನ್ನು ನೋಡಿರಲಿಲ್ಲ. ಹೊರಗೆ ಬಂದು ಗ್ಲೌಸ್ ಕಳಚಿದೆ. ಅವರಿಗೆ ಹುಚ್ಚು ಅಂದಿದ್ದೆನಲ್ಲ, ಆ ಮಾತನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಪ್ರಯೋಗ ಮುಗಿದ ಮೇಲೆ ಪ್ರಾಣಿಗಳನ್ನು ಸೂಜಿ ಹಾಕಿ, ನೋವಿಲ್ಲದಂತೆ ಶಾಶ್ವತವಾಗಿ ಮಲಗಿಸಿಬಿಡಬೇಕು. ಅದು ನಿಯಮ, ಅದು ನನ್ನ ಕೆಲಸ. ಎಷ್ಟು ವರ್ಷವಾದರೂ ಅಭ್ಯಾಸವಾಗದ ಕೆಲಸ. ಪ್ರತಿ ಸಲವೂ ಮೇಡಂ ಬಂದು ನನ್ನ ಪಕ್ಕ ನಿಲ್ಲುತ್ತಿದ್ದರು. ಅವರು ನಿಲ್ಲಲೇಬೇಕೆಂಬ ನಿಯಮವಿರಲಿಲ್ಲ.

ಸುದ್ದಿ ಹೊರಗೂ ಹೋಯಿತು. ಬೇರೆ ಊರಿನ ದೊಡ್ಡ ಲಸಿಕೆ ಕಂಪನಿಯೊಂದು ಮೊದಲಿಂದಲೂ ಇದರ ಮೇಲೆ ಕಣ್ಣಿಟ್ಟಿತ್ತು. ಅವರು ಬಂದು ನೋಡುತ್ತೇವೆ, ಸರಿಯಿದ್ದರೆ ಮನುಷ್ಯರ ಮೇಲಿನ ಪ್ರಯೋಗಕ್ಕೆ ನಾವೇ ತೆಗೆದುಕೊಳ್ಳುತ್ತೇವೆ ಎಂದರು. ಇದು ಕೈಗೂಡದಿದ್ದರೆ ಲ್ಯಾಬು ಹೆಚ್ಚು ದಿನ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೇಡಂಗೆ ವಯಸ್ಸಾಗುತ್ತಿತ್ತು, ಮಂಡಿ ನೋವಿತ್ತು. ಇನ್ನೊಂದು ಸಲ ಮೊದಲಿನಿಂದ ಶುರು ಮಾಡುವ ಕಾಲ ಅವರದಲ್ಲ. ಕಂಪನಿಯವರು ಬರುವುದು ಸೋಮವಾರ. ಅದರ ಹಿಂದಿನದೇ ನಮ್ಮ ಮುರಿಯುವ ವಾರ.

ಎಲ್ಲರೂ ಹೇಳಿದ ದಾರಿಗಳನ್ನು ನೋಡಿಯಾಯಿತು. ಯಾವುದೂ ಮುರಿಯಲಿಲ್ಲ. ಶನಿವಾರ ಮಧ್ಯಾಹ್ನ ಮೇಡಂ ಸರದಿ ಮಾತ್ರ ಉಳಿದಿತ್ತು. ಮೈಸೂರ್ ಪಾಕಿನ ಪೊಟ್ಟಣವನ್ನು ಯಾರೋ ಆಗಲೇ ತಂದು ಕಪಾಟಿನ ಮೇಲಿಟ್ಟಿದ್ದರು.

“ನಮ್ ಲಸಿಕೇಲಿ ತಲೆ ಇಲ್ಲ ತಾನೇ?” ಎಂದರು ಮೇಡಂ. “ಹಂಗಾದ್ರೆ ವೈರಸ್ ಬಿಡೋಕ್ ಮುಂಚೆ ತೆಗ್ದಿಟ್ಟ ರಕ್ತದಲ್ಲಿ ತಲೆ ಗುರುತು ಹಿಡಿಯೋ ಅಂಥದ್ದು ಏನೂ ಇರ್ಬಾರ್ದು. ಅದನ್ನ ಯಾರೂ ನೋಡಿಲ್ಲ. ನೋಡ್ಬಿಡೋಣ.”

ಆ ಪರೀಕ್ಷೆಗೆ ಪುಟ್ಟ ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಬಳಸುತ್ತಾರೆ, ಇಡ್ಲಿ ತಟ್ಟೆಯ ಮೊಮ್ಮಗುವಿನ ಹಾಗೆ. ಗುಳಿಯೊಳಗೆ ರಕ್ತದ ತಿಳಿ ಹಾಕಿ, ಆಮೇಲೆ ಬೇರೆ ದ್ರವ ಹಾಕುತ್ತಾರೆ. ಗುರುತು ಹಿಡಿಯುವ ಶಕ್ತಿ ಇದ್ದರೆ ಹಳದಿ ಬಣ್ಣ ಬರುತ್ತದೆ, ಇಲ್ಲದಿದ್ದರೆ ನೀರಿನಂತೆ ಇರುತ್ತದೆ. ಲಸಿಕೆ ಹಾಕದ ಕೋಣೆಯವು ನೀರಿನಂತೆಯೇ ಉಳಿದವು. ಲಸಿಕೆ ಹಾಕಿದ ಕೋಣೆಯ ಗುಳಿಗಳು ಒಂದಾದ ಮೇಲೊಂದು ಹಳದಿ ತಿರುಗಿದವು.

ನನಗೆ ತಕ್ಷಣ ತಿಳಿಯಲಿಲ್ಲ. ಮೇಡಂ ಕುರ್ಚಿ ಎಳೆದುಕೊಂಡು ಕುಳಿತರು.

“ನಾವು ತೋರ್ಸಿದ್ದು ಬರೀ ಕೋಲು,” ಎಂದರು. “ಇವುಕ್ಕೆ ಬಟ್ಟೆ ಹೆಂಗ್ ಗೊತ್ತಾಯ್ತು?”

ಒಂದೇ ಉತ್ತರ ಇತ್ತು. ನಾವು ವೈರಸ್ ಬಿಡುವುದಕ್ಕೆ ಎಷ್ಟೋ ಮುಂಚೆಯೇ ಆ ಕೋಣೆಗೆ ನಿಜವಾದ ಫ್ಲೂ ಬಂದು ಹೋಗಿತ್ತು. ಸಣ್ಣಗೆ ಬಂದು, ಯಾರಿಗೂ ತಿಳಿಯದಂತೆ ವಾಸಿಯಾಗಿತ್ತು. ಒಂದು ಸಲ ನಿಜವಾದ ಫ್ಲೂ ಬಂದು ಹೋದ ಪ್ರಾಣಿಗೆ ಕೆಲವು ತಿಂಗಳು ಬೇರೆ ಬಗೆಯದೂ ಸುಲಭವಾಗಿ ಅಂಟುವುದಿಲ್ಲ. ನಮ್ಮ ಫೆರೆಟ್‌ಗಳು ಸೀನದೆ ಇದ್ದದ್ದು ಲಸಿಕೆಯಿಂದಲೋ, ಆ ಫ್ಲೂನಿಂದಲೋ ಹೇಳಲು ಇನ್ನು ಯಾರಿಗೂ ಸಾಧ್ಯವಿರಲಿಲ್ಲ.

ಫ್ಲೂ ಫೆರೆಟ್‌ಗೆ ತಾನಾಗಿ ಬರುವುದಿಲ್ಲ, ಮನುಷ್ಯರು ತರಬೇಕು. ಆ ಕೋಣೆಗೆ ಹೋಗುತ್ತಿದ್ದವರು ಕೆಲವರೇ, ಅವರಲ್ಲಿ ಹೆಚ್ಚು ಹೋಗುತ್ತಿದ್ದವಳು ನಾನು. ನಮ್ಮಲ್ಲಿ ಕೆಲಸ ಮಾಡುವವರೆಲ್ಲರ ರಕ್ತವನ್ನೂ ಆಗಾಗ ತೆಗೆದು ಫ್ರೀಜರಿನಲ್ಲಿ ಇಡುತ್ತಾರೆ, ಕೆಲಸದಲ್ಲಿ ಯಾರಿಗಾದರೂ ಸೋಂಕು ತಗುಲಿದರೆ ಪತ್ತೆಯಾಗಲಿ ಎಂದು. ಮೇಡಂ ಆ ಕೋಣೆಗೆ ಹೋದ ಎಲ್ಲರ ರಕ್ತದ ಟ್ಯೂಬುಗಳನ್ನೂ ತರಿಸಿದರು. ತಮ್ಮದನ್ನೂ ಸೇರಿಸಿದರು. ದಸರೆಗೆ ಮುಂಚಿನದು, ಕ್ರಿಸ್‌ಮಸ್ ವೇಳೆಯದು ಅಕ್ಕಪಕ್ಕ. ಮನುಷ್ಯರಿಗೆ ಹಳೆಯ ಫ್ಲೂಗಳ ತೆಳು ಬಣ್ಣ ಇದ್ದೇ ಇರುತ್ತದೆ, ನಡುವೆ ಹೊಸದಾಗಿ ಬಂದಿದ್ದರೆ ಎರಡನೆಯದು ದಟ್ಟವಾಗಿರಬೇಕು.

ನನ್ನ ಎರಡು ಗುಳಿಗಳಲ್ಲೂ ಒಂದೇ ತೆಳು ಬಣ್ಣ. ಉಳಿದವರದೂ ಹಾಗೆಯೇ. ಕೊನೆಯ ಜೋಡಿಯಲ್ಲಿ ದಸರೆಯದು ತೆಳ್ಳಗೆ, ಕ್ರಿಸ್‌ಮಸ್‌ನದು ಅರಿಶಿನ ಕದಡಿದ ಹಾಗೆ ದಟ್ಟ ಹಳದಿ. ಅದು ಮೇಡಂ ರಕ್ತ.

“ದೀಪಾವಳಿ,” ಎಂದರು ಅವರು.

ದೀಪಾವಳಿಗೆ ನಾವು ಹೆಚ್ಚಿನವರು ಊರಿಗೆ ಹೋಗಿದ್ದೆವು, ಆ ಕೋಣೆಯ ಕೆಲಸ ಅವರೇ ಮಾಡಿದ್ದರು, ಇನ್ನೊಂದು ಕೋಣೆಯದನ್ನು ಇಲ್ಲೇ ಉಳಿದಿದ್ದ ಒಬ್ಬ ಹುಡುಗ ಮಾಡಿದ್ದ. ಗಂಟಲು ಸ್ವಲ್ಪ ಕೆರೆಯುತ್ತಿತ್ತಂತೆ. ಆ ದಿನಗಳಲ್ಲಿ ಇಡೀ ಬೆಂಗಳೂರಿಗೆ ಗಂಟಲು ಕೆರೆಯುತ್ತದೆ, ಪಟಾಕಿ ಹೊಗೆ ಎಂದುಕೊಂಡರು. ಜ್ವರವಿರಲಿಲ್ಲ, ಮೈಕೈ ನೋವಿರಲಿಲ್ಲ. ಹೇಗೆ ಇರಬೇಕು? ವರ್ಷಾ ವರ್ಷಾ ತಪ್ಪದೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಮೈ ಅದು. ಬೇರೆ ಯಾರಾದರೂ ಆಗಿದ್ದರೆ ಹಾಸಿಗೆ ಹಿಡಿದಿರುತ್ತಿದ್ದರು, ಲ್ಯಾಬಿನ ಕಡೆ ತಲೆ ಹಾಕುತ್ತಿರಲಿಲ್ಲ, ಪ್ರಾಣಿಗಳು ಬಚಾವಾಗುತ್ತಿದ್ದವು. ಫ್ಲೂ ಬಂದರೂ ಬಂದದ್ದು ತಿಳಿಯದಷ್ಟು ಗಟ್ಟಿಮುಟ್ಟಾಗಿ ಓಡಾಡಿ, ಮಾಸ್ಕಿನ ಸಂದಿಯಿಂದಲೋ ಎಲ್ಲಿಂದಲೋ ಹಂಚಿಬಂದಿದ್ದರು. ಇಂಥ ಎಡವಟ್ಟು ಲಸಿಕೆ ಮಾಡುವವರ ಕೈಯಲ್ಲೇ ಆಗಬೇಕು.

ನನ್ನದಲ್ಲ ಎಂದು ತಿಳಿದು ಒಂದು ಗಳಿಗೆ ನನಗೆ ಹಗುರಾಯಿತು. ಅವರ ಮುಖ ನೋಡಿದ ಮೇಲೆ, ನನ್ನದೇ ಆಗಿದ್ದರೂ ಚೆನ್ನಾಗಿತ್ತು ಅನಿಸಿತು.

ಅಂದು ಸಂಜೆ ಅವರ ಕಾರಿನಲ್ಲೇ ಹೊರಟೆ. ಟಿನ್ ಫ್ಯಾಕ್ಟರಿ ಹತ್ತಿರ ಯಥಾಪ್ರಕಾರ ಟ್ರಾಫಿಕ್ ನಿಂತಿತ್ತು. ಮೇಡಂ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕುಳಿತಿದ್ದರು, ಅದನ್ನು ನೋಡಿಯೇ ನನಗೆ ಸಂಕಟವಾಯಿತು. ನನಗೆ ಸಿಟ್ಟು ಬಂದರೆ ಬೆಂಗಳೂರಿನ ಮಾತು ಹೋಗಿ ದಾವಣಗೆರೆ ಬಾಯಿಗೆ ಬರುತ್ತದೆ.

“ಮೇಡಂ, ಸೋಮವಾರ ಇದ್ನ ತೋರ್ಸಬ್ಯಾಡ್ರಿ. ಒಳ್ಳೇದು ಏನೈತಿ ಅದ್ನ ತೋರ್ಸ್ರಿ. ಅವ್ರು ಒಪ್ಕಂಡು ಹೋಗ್ಲಿ. ಆಮ್ಯಾಲೆ ಇನ್ನೊಂದ್ ಸಲ ಮಾಡಿ ಸರಿ ಮಾಡ್ಕಂಡ್ರಾತು. ಆ ಪರೀಕ್ಷೆ ಮಾಡ್ರಿ ಅಂತ ಯಾರು ಕೇಳಿದ್ರು ನಿಮ್ನ? ಯಾರಿಗ್ ಗೊತ್ತಾಗ್ತತಿ?”

“ನಂಗ್ ಗೊತ್ತಲ್ಲ.”

“ಲ್ಯಾಬ್ ಮುಚ್ಚಿದ್ರೆ ನಿಮ್ಮ್ ಲಸಿಕೆ ಯಾರ್ ಮಾಡ್ತಾರ್ರೀ? ನಾಳೆ ಅದು ಖರೇನೂ ಕೆಲ್ಸ ಮಾಡ್ತತಿ ಅಂತಾದ್ರೆ?”

ಮುಂದಿನ ಬಸ್ಸು ಒಂದು ಗೇಣು ಸರಿಯಿತು, ನಾವೂ ಸರಿದೆವು.

“ಇದಾದ್ಮೇಲೆ ಮನುಷ್ಯರಿಗೆ ಹಾಕ್ತಾರೆ ಡಾಕ್ಟ್ರೇ. ಯಾರೋ ಒಬ್ರು ಬಂದು ತೋಳು ಚಾಚ್ತಾರೆ. ಫೆರೆಟ್‌ಗೆ ಏನೂ ಆಗ್ಲಿಲ್ವಂತೆ ಅಂತ ನಂಬ್ಕೊಂಡು ಚಾಚ್ತಾರೆ. ಅವ್ರ ಮುಂದೆ ನಾನು ಹೆಂಗ್ ನಿಲ್ಲಲಿ?” ಆಮೇಲೆ ನನ್ನ ಕಡೆ ತಿರುಗಿದರು. “ಆ ಪ್ರಾಣಿಗಳ್ನ ನೀವು ಮಲಗಿಸಿದ್ರಿ, ನಾನ್ ಪಕ್ಕದಲ್ಲಿದ್ದೆ. ಜೀವ ಕೊಟ್ಟಿದಾವೆ. ಸತ್ತಮೇಲೆ ಅವುಗಳ ಹತ್ರ ಸುಳ್ಳು ಹೇಳ್ಸೋದಾ?”

ಈ ಪ್ರಾಣಿಗಳ ವಿಷಯದಲ್ಲಿ ಮನಸ್ಸು ಮೆತ್ತಗಿರುವವಳು ನಾನೊಬ್ಬಳೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಕಾಕ್ಸ್ ಟೌನ್ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತೆ. ಇಳಿಯುವಾಗ ಅವರು, “ಊಟ ಮಾಡಿ ಮಲ್ಕೊಳ್ಳಿ, ಸಿಟ್ಟಲ್ಲಿ ಹಂಗೇ ಮಲಗ್ಬೇಡಿ,” ಎಂದರು.

ಸೋಮವಾರ ಬೆಳಿಗ್ಗೆ ಕಂಪನಿಯವರು ಬರುವ ಮುಂಚೆಯೇ ಮೇಡಂ ನಮ್ಮೆಲ್ಲರನ್ನೂ ಕರೆದು ವಿಷಯ ಹೇಳಿದರು. ಹೊರಗಿನವರಿಗಿಂತ ಮೊದಲು ನಿಮಗೆ ತಿಳಿಯಬೇಕು ಎಂದರು. ಇಬ್ಬರು ಅತ್ತರು. ಒಬ್ಬ ಬಾಗಿಲು ಬಡಿದುಕೊಂಡು ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದ.

ಬಂದವರು ಮೂವರು, ಮರ್ಯಾದಸ್ಥರು. ಪರದೆಯ ಮೇಲೆ ಮೇಡಂ ಹಾಕಿದ ಮೊದಲ ಚಿತ್ರವೇ ಹಳದಿ ಗುಳಿಗಳ ತಟ್ಟೆ. ಆಡುತ್ತಿದ್ದ ಫೆರೆಟ್‌ಗಳ ಚಿತ್ರ ಕೊನೆಗೆ ಬಂತು, ಅದನ್ನು ನೋಡುವ ಹೊತ್ತಿಗೆ ಯಾರಿಗೂ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ.

“ಅಂದ್ರೆ ನಿಮ್ ಲಸಿಕೆ ಕೆಲ್ಸ ಮಾಡಲ್ಲ ಅಂತಲಾ?” ಎಂದು ಅವರಲ್ಲಿ ಹಿರಿಯರೊಬ್ಬರು ಕೇಳಿದರು.

“ಮಾಡುತ್ತಾ ಇಲ್ವಾ ಗೊತ್ತಿಲ್ಲ ಅಂತ.”

“ಫ್ಲೂ ಒಳಗೆ ತಂದಿದ್ದು ಯಾರು ಅಂತ ಗೊತ್ತಾಯ್ತಾ?”

“ನಾನೇ ಸರ್.”

ಅಷ್ಟು ನೆಟ್ಟಗೆ, ಬಸ್ಸಿನಲ್ಲಿ ಟಿಕೆಟ್ ಯಾರದು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದರು. ಆ ಹಿರಿಯರಿಗೂ ಕನಿಕರ ಬಂದಿರಬೇಕು. ಉಳಿದದ್ದೆಲ್ಲ ಚೆನ್ನಾಗಿದೆ, ಈ ವಿಷಯವನ್ನು ವರದಿಯ ಕೊನೆಯಲ್ಲಿ ಚಿಕ್ಕದಾಗಿ ಸೇರಿಸಬಹುದಲ್ಲ ಎಂದು ಒಂದು ದಾರಿ ತೆರೆದುಕೊಟ್ಟರು. ನಾನು ಮನಸ್ಸಿನಲ್ಲೇ ಮೇಡಂಗೆ ಕೈ ಮುಗಿದೆ, ಒಪ್ಪಿಕೊಳ್ಳಿ ಎಂದು. ಅವರು ತಲೆ ಅಲ್ಲಾಡಿಸಿ, “ಇಲ್ಲ ಸರ್, ಬೇರೆ ಏನೂ ಉಳ್ದಿಲ್ಲ,” ಎಂದರು.

ಬಂದವರು ಊಟಕ್ಕೆ ನಿಲ್ಲಲಿಲ್ಲ. ಅವರಿಗೆಂದು ಶಿವಾಜಿನಗರದಿಂದ ತರಿಸಿದ್ದ ಬಿರಿಯಾನಿ, ನನ್ನಂಥ ಸಸ್ಯಾಹಾರಿಗಳಿಗೆಂದು ತರಿಸಿದ್ದ ಪುಲಾವ್ ಎರಡೂ ಡಬ್ಬಿಗಳಲ್ಲೇ ಇದ್ದವು. ಯಾರೂ ಮುಟ್ಟಲಿಲ್ಲ. ಮೇಡಂ ತಾವೇ ತಟ್ಟೆ ತೆಗೆದುಕೊಂಡು ಬಡಿಸತೊಡಗಿದರು. “ಅನ್ನದ್ ಮೇಲೆ ಏನ್ ಕೋಪ? ತಿನ್ನಿ,” ಎಂದರು. ನಾವು ತಲೆ ತಗ್ಗಿಸಿ ತಿಂದೆವು. ನನಗೆ ಅವರ ಮೇಲೆ ಸಿಟ್ಟು ಇನ್ನೂ ಇತ್ತು, ಅದರ ಜೊತೆಗೇ ಅಷ್ಟೇ ದೊಡ್ಡ ಹೆಮ್ಮೆ ಇತ್ತು. ಎರಡನ್ನೂ ಒಟ್ಟಿಗೆ ನುಂಗುವುದು ಸುಲಭವಾಗಿರಲಿಲ್ಲ.

ಕಂಪನಿಯವರು ಸದ್ಯಕ್ಕೆ ಬೇಡ ಎಂದು ತಿಳಿಸಿದರು. ಅರ್ಧ ಶೆಡ್ಡು ಬಿಟ್ಟುಕೊಟ್ಟೆವು. ಹಲವರು ಬೇರೆ ಕೆಲಸ ನೋಡಿಕೊಂಡರು, ಅವರ ತಪ್ಪೇನೂ ಇಲ್ಲ. ಇಂದಿರಾನಗರದ ನಾಯಿ ಆಸ್ಪತ್ರೆಯೊಂದು ನನ್ನನ್ನೂ ಕರೆಯಿತು. ಗಂಡ ಹೋಗು ಎಂದರು. ನಾನು ಹೋಗಲಿಲ್ಲ. ಕಾರಣ ಕೇಳಿದರೆ ಇಷ್ಟೇ: ಅಂಥವರ ಹತ್ತಿರ ಕೆಲಸ ಮಾಡಿದ ಮೇಲೆ ಬೇರೆ ಕಡೆ ಉಗುರು ಕತ್ತರಿಸಿಕೊಂಡಿರಲು ನನಗೆ ಮನಸ್ಸಾಗಲಿಲ್ಲ.

ಮೇಡಂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದು ಸಣ್ಣ ನೆರವು ತಂದರು. ಎಲ್ಲಿ ಹೋದರೂ ಮೊದಲು ಹಳದಿ ತಟ್ಟೆಯ ಕಥೆಯನ್ನೇ ಹೇಳುತ್ತಿದ್ದರಂತೆ. ಅದನ್ನು ಕೇಳಿ ಬೇಡ ಅಂದವರೇ ಹೆಚ್ಚು. ಅದಕ್ಕಾಗಿಯೇ ಕೊಟ್ಟವರೂ ಒಬ್ಬಿಬ್ಬರಿದ್ದರು.

ಎರಡನೆಯ ಸಲ ಫೆರೆಟ್‌ಗಳು ಕಡಿಮೆ. ಲಸಿಕೆ ಹಾಕಿದವು, ಹಾಕದವು ಎಲ್ಲವನ್ನೂ ಒಂದೇ ಕೋಣೆಯಲ್ಲಿ ಇಟ್ಟೆವು, ಹೊರಗಿನ ಫ್ಲೂ ಬಂದರೆ ಎಲ್ಲಕ್ಕೂ ಬರಲಿ ಎಂದು. ಯಾವುದಕ್ಕೆ ಲಸಿಕೆ ಬಿದ್ದಿದೆ ಎಂಬುದನ್ನು ನನಗೂ ಹೇಳಲಿಲ್ಲ. ಒಳಗೆ ಹೋಗುವವರಿಗೆ ಬಾಗಿಲಲ್ಲೇ ಮೂಗಿನ ಪರೀಕ್ಷೆ, ಹೊಗೆ ಎಂದರೂ ಧೂಳು ಎಂದರೂ ಬಿಡುವುದಿಲ್ಲ. ಮೇಡಂ ತಮಗೆ ತಾವೇ ಒಂದು ಶಿಕ್ಷೆ ಹಾಕಿಕೊಂಡರು: ಪ್ರಯೋಗ ಮುಗಿಯುವವರೆಗೆ ಆ ಕೋಣೆಯೊಳಗೆ ಕಾಲಿಡಲಿಲ್ಲ. ಗಾಜಿನ ಈಚೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು.

ವೈರಸ್ ಬಿಡುವ ಮುಂಚೆಯೇ ರಕ್ತ ತೆಗೆದು ಆ ತಲೆಯ ಪರೀಕ್ಷೆ ಮಾಡಿದೆವು. ಎಲ್ಲ ಗುಳಿಗಳೂ ನೀರಿನ ಹಾಗೆ. ಆಮೇಲೆ ವೈರಸ್ ಬಿಟ್ಟೆವು.

ಮಾರನೆಯ ದಿನ ಒಂದು ಸೀನಿತು. ಅದರ ಮರುದಿನ ಎಲ್ಲವೂ ಸೀನತೊಡಗಿದವು. ಗಾಜಿನ ಕಡೆ ನೋಡಲು ಧೈರ್ಯ ಬರದೆ ಬೆನ್ನು ಹಾಕಿ ಊಟದ ಬಟ್ಟಲುಗಳನ್ನು ಇಟ್ಟೆ. ಕೆಲವು ಮೂಲೆಯಲ್ಲಿ ಸುರುಳಿಯಾಗಿ ಮಲಗಿದ್ದವು, ಕಣ್ಣೂ ತೆರೆಯಲಿಲ್ಲ. ಇನ್ನು ಕೆಲವು ಸೀನಿದವು, ಮೂಗು ಒರೆಸಿಕೊಂಡವು, ತೂರಾಡುತ್ತ ಬಟ್ಟಲಿನ ಹತ್ತಿರ ಬಂದು ತಿನ್ನತೊಡಗಿದವು.

ಪ್ರಯೋಗದ ದಿನಗಳು ಮುಗಿದ ಮೇಲೆ ಗುಟ್ಟು ತೆರೆದು ನೋಡಿದೆವು. ತಿಂದವುಗಳಲ್ಲಿ ಬಹುಪಾಲು ಲಸಿಕೆ ಹಾಕಿದವು. ಎಲ್ಲವೂ ಅಲ್ಲ. ಹಿಂದಿನ ಸಲದ ಪವಾಡ ಇದರಲ್ಲಿ ಇರಲಿಲ್ಲ: ಜ್ವರ ಬಂತು, ಬೇಗ ಇಳಿಯಿತು, ಅಷ್ಟೇ. ಇನ್ನೂ ಬಹಳ ದೂರ ಹೋಗಬೇಕು, ಮೇಡಂ ಜೀವಮಾನದಲ್ಲಿ ಮುಗಿಯುತ್ತದೋ ಇಲ್ಲವೋ ಯಾರೂ ಹೇಳಲಾರರು. ಮುರಿಯುವ ವಾರದಲ್ಲಿ ಉಳಿದಿದ್ದ ನಾವು ಕೆಲವರೇ ನಮ್ಮ ಕೈಲಾದಷ್ಟೂ ಮುರಿಯಲು ನೋಡಿದೆವು. ಆಗಲಿಲ್ಲ.

ಕೊನೆಯ ದಿನ ನಾನು ಪ್ರಾಣಿಗಳನ್ನು ಮಲಗಿಸಲು ಹೋದಾಗ ಮೇಡಂ ಬಾಗಿಲಲ್ಲಿ ಮೂಗಿನ ಪರೀಕ್ಷೆ ಮಾಡಿಸಿಕೊಂಡು ಒಳಗೆ ಬಂದರು, ಆ ಸಲ ಮೊದಲನೆಯ ಬಾರಿಗೆ. ನೆಲದ ಮೇಲೆ ಕಷ್ಟಪಟ್ಟು ಕುಳಿತು, ಎಲ್ಲಕ್ಕಿಂತ ಹೆಚ್ಚು ಸೀನಿ ಎಲ್ಲಕ್ಕಿಂತ ಮೊದಲು ಬಟ್ಟಲಿಗೆ ಬಾಯಿ ಹಾಕಿದ್ದ ಹೆಣ್ಣು ಫೆರೆಟ್ಟನ್ನು ತೊಡೆಯ ಮೇಲೆ ಎತ್ತಿಕೊಂಡರು. ಅದು ಅವರ ದುಪಟ್ಟಾದೊಳಗೆ ಮೂತಿ ತೂರಿಸಿತು. ಅವರ ಕಣ್ಣಿಂದ ನೀರು ಇಳಿದು ಮಾಸ್ಕು ಒದ್ದೆಯಾಗುತ್ತಿತ್ತು.

“ಹೋದ್ ಸಲ ನಾನು ಇವುಕ್ಕೆ ಕೊಟ್ಟಿದ್ದು ಜ್ವರ ಡಾಕ್ಟ್ರೇ,” ಎಂದರು. “ಈ ಸಲ ಕೊಟ್ಟಿದ್ದು ಲಸಿಕೆ.”

ನಾನು ತುಂಬಿಸುತ್ತಿದ್ದ ಸಿರಿಂಜನ್ನು ಟ್ರೇಯಲ್ಲಿಟ್ಟು, ಅವರು ಆ ಫೆರೆಟ್ಟನ್ನು ತಾವಾಗಿ ನನ್ನ ಕೈಗೆ ಕೊಡುವವರೆಗೆ ಪಕ್ಕದಲ್ಲಿ ಕುಳಿತೆ.